ಭಾವ, ಐದಾಟದವನ ವಿಷಯ ಸ್ವಲ್ಪ ಕೇಳಿ

ಭಾವ, ಪುಟ್ಟಿ, ಇಬ್ರಿಗೂ ಸೇರಿಸಿ ಹೇಳ್ತಿದೀನಿ. ಮೆಸೇಜು ಉದ್ದ ಆಗತ್ತೆ, ಪೂರ್ತಿ ಕೇಳಿ. ಬೆಳಿಗ್ಗೆ ಪುಟ್ಟಿ ಮಾಡರ್ನ್ ಪೆಂಟಾಥ್ಲಾನ್ ಅಂದ್ರೇನು ಅಂತ ಕೇಳಿದ್ಲು. ಅದಕ್ಕೆ ನೀವು, 'ಐದು ಆಟಕ್ಕೆ ಕೈ ಹಾಕ್ದೋನಿಗೆ ಒಂದೂ ನೆಟ್ಟಗೆ ಬರಲ್ಲ' ಅಂತ ಬರೆದ್ರಿ. ಅದು ನಂಗೆ ಒಪ್ಪಿಗೆ ಇಲ್ಲ ಭಾವ.

ರಷ್ಯಾದ ಆಂದ್ರೇ ಮೊಯಿಸೆಯೆವ್ ಅಂತ ಒಬ್ಬ ಇದ್ದಾನೆ, ದಾನ್ ನದಿ ದಡದ ರೊಸ್ತೋವ್ ಊರಿನವನು, 1979ರಲ್ಲಿ ಹುಟ್ಟಿದೋನು. ಮೊದಲು ಬರೀ ಈಜುಗಾರ, ಆಮೇಲೆ ಈ ಕಡೆಗೆ ಬಂದ. 2004ರಲ್ಲಿ ಅಥೆನ್ಸ್, 2008ರಲ್ಲಿ ಬೀಜಿಂಗ್, ಎರಡೂ ಒಲಿಂಪಿಕ್ಸಲ್ಲಿ ಚಿನ್ನ. ಒಬ್ಬರೇ ಸ್ಪರ್ಧಿಸೋ ವಿಭಾಗದಲ್ಲಿ ಅವನಿಗಿಂತ ಮುಂಚೆ ಎರಡು ಸಲ ಗೆದ್ದೋನು ಸ್ವೀಡನ್ನಿನ ಲಾರ್ಸ್ ಹಾಲ್ ಒಬ್ಬನೇ, 1952 ಮತ್ತು 1956ರಲ್ಲಿ. ಆ ಲಾರ್ಸ್ ಬಡಗಿ ಕೆಲಸದೋನಂತೆ ಪುಟ್ಟಿ!

ಅವಾಗ ಆಟ ಹೀಗಿತ್ತು. ಬೆಳಿಗ್ಗೆ ಎದ್ದು ಏರ್ ಪಿಸ್ತೂಲಲ್ಲಿ ಇಪ್ಪತ್ತು ಗುಂಡು. ಆಮೇಲೆ ಕತ್ತಿವರಸೆ, ಬಂದಿರೋ ಪ್ರತಿಯೊಬ್ಬನ ಜೊತೆಗೂ ಒಂದೊಂದು ಪಂದ್ಯ, ಒಂದು ಸಲ ತಾಗಿದ್ರೆ ಮುಗೀತು. ಬೀಜಿಂಗಲ್ಲಿ 36 ಜನ ಇದ್ರು, ಅಂದ್ರೆ ಒಬ್ಬೊಬ್ಬನಿಗೆ 35 ಪಂದ್ಯ. ಆಮೇಲೆ 200 ಮೀಟರ್ ಈಜು, ಕುದುರೆ, ಕೊನೆಗೆ 3000 ಮೀಟರ್ ಓಟ. ಎಲ್ಲಾ ಒಂದೇ ದಿನ.

ಇದರಲ್ಲಿ ಕುದುರೆ ಇತ್ತಲ್ಲ, ಅದು ತಮ್ಮದಾಗಿರ್ತಿರಲಿಲ್ಲ. ಚೀಟಿ ಎತ್ತಿದಾಗ ಯಾವುದು ಬಂತೋ ಅದೇ. ಪರಿಚಯ ಮಾಡ್ಕೊಳ್ಳಕ್ಕೆ ಇಪ್ಪತ್ತು ನಿಮಿಷ ಕೊಡ್ತಿದ್ರು, ಅಷ್ಟರಲ್ಲಿ ಅದರ ಗುಣ ಹಿಡಿದು ಅಡ್ಡಗಟ್ಟೆಗಳನ್ನೆಲ್ಲ ಹಾರಿಸ್ಬೇಕಿತ್ತು. ಟೋಕಿಯೋ ಒಲಿಂಪಿಕ್ಸಲ್ಲಿ ಏನಾಯ್ತು ಗೊತ್ತಾ? ರಷ್ಯಾದ ಗುಲ್ನಾಜ್ ಗುಬೈದುಲ್ಲಿನಾ, 2017ರ ವಿಶ್ವ ಚಾಂಪಿಯನ್ನು, ಅವಳಿಗೆ ಸೇಂಟ್ ಬಾಯ್ ಅನ್ನೋ ಕುದುರೆ ಬಂತು. ಅದು ಹಾರಲ್ಲ ಅಂತ ಹಟ ಹಿಡೀತು. ಅದೇ ಕುದುರೆ ಆಮೇಲೆ, ಎಲ್ಲರಿಗಿಂತ ಮುಂದಿದ್ದ ಜರ್ಮನಿಯ ಅನ್ನಿಕಾ ಶ್ಲೊಯ್‌ಗೆ ಹೋಯ್ತು. ಅಲ್ಲೂ ಅದೇ ಕಥೆ, ಆ ಹುಡುಗಿ ಕುದುರೆ ಮೇಲೇ ಕೂತು ಅತ್ತಳು. ಇಬ್ರಿಗೂ ಆ ಸುತ್ತಲ್ಲಿ ಸೊನ್ನೆ. ಎಷ್ಟು ವರ್ಷದ ತಯಾರಿ ಭಾವ, ನೋಡಿದ್ರೆ ಹೊಟ್ಟೆ ಉರಿಯತ್ತೆ. ಆ ಗಲಾಟೆ ಆದ್ಮೇಲೇ ಕುದುರೆ ಸವಾರಿ ತೆಗೀಬೇಕು ಅಂತ ತೀರ್ಮಾನ ಆಗಿದ್ದು, 2024ರ ಪ್ಯಾರಿಸ್ಸೇ ಕೊನೆ.

ಮೊಯಿಸೆಯೆವ್ ಹೀಗೆ ಗುರುತಿಲ್ಲದ ಕುದುರೆ ಹತ್ತಿ ಎರಡೆರಡು ಸಲ ದಾಟಿಕೊಂಡು ಬಂದ. ಅವಾಗಿನ ಓಟದ ಲೆಕ್ಕಾನೂ ಚೆನ್ನಾಗಿತ್ತು. ನಾಲ್ಕು ಆಟ ಮುಗಿದಾಗ ಯಾರ ಅಂಕ ಜಾಸ್ತಿಯೋ ಅವನು ಮೊದಲು ಹೊರಡ್ತಿದ್ದ, ನಾಲ್ಕು ಅಂಕಕ್ಕೆ ಒಂದು ಸೆಕೆಂಡ್. ಹಿಂದೆ ಬಿದ್ದೋರು ಅಷ್ಟಷ್ಟು ತಡವಾಗಿ ಹೊರಡ್ಬೇಕಿತ್ತು. ಹಾಗಾಗಿ ಗೆರೆ ಮೊದಲು ದಾಟಿದೋನಿಗೇ ಚಿನ್ನ. ಅಥೆನ್ಸಲ್ಲಿ ಅವನಿಗೆ 5480, ಎರಡನೇ ಬಂದ ಲಿಥುವೇನಿಯಾದ ಜಾದ್ನೆಪ್ರೊವ್‌ಸ್ಕಿಸ್‌ಗೆ 5428. ಅಂದ್ರೆ ಹದಿಮೂರು ಸೆಕೆಂಡಿನ ಅಂತರ. ಬೀಜಿಂಗಲ್ಲಿ 84 ಅಂಕ, ಇಪ್ಪತ್ತೊಂದು ಸೆಕೆಂಡು! ನಾಲ್ಕು ವರ್ಷ ವಯಸ್ಸಾದ್ಮೇಲೆ ಅಂತರ ಇನ್ನೂ ಜಾಸ್ತಿ ಆಗಿದೆ ನೋಡಿ.

ಇನ್ನೊಂದಿದೆ. 2009ರಲ್ಲಿ ನಿಯಮಾನೇ ಬದಲಾಯ್ತು. ಗುಂಡು ಹೊಡೆಯೋದನ್ನೂ ಓಟಾನೂ ಸೇರಿಸಿಬಿಟ್ರು, ಓಡಿ ಬಂದು ಏದುಸಿರು ಬಿಡ್ತಾ ಗುರಿ ಇಡ್ಬೇಕು. ಮೂವತ್ತರ ಹೊತ್ತಿಗೆ ಕಲಿತಿದ್ದನ್ನ ತಿರುಗಿ ಕಲೀಬೇಕು. ಅವನು ಕಲಿತ, 2011ರಲ್ಲಿ ಮಾಸ್ಕೋದಲ್ಲಿ, ತನ್ನ ಜನರ ಎದುರಿಗೇ ವಿಶ್ವ ಚಾಂಪಿಯನ್ ಆದ. ಮುಂದಿನ ವರ್ಷ ಲಂಡನ್ನಲ್ಲಿ ಏಳನೇ ಜಾಗ ಬಂತು. ಮೂರನೇ ಚಿನ್ನ ಆಗ್ಲಿಲ್ಲ ಅಂತ ನಂಗೆ ಈಗ್ಲೂ ಬೇಜಾರಿದೆ.

ಪುಟ್ಟಿ, ಬೀಜಿಂಗ್ ಓಟದ ವಿಡಿಯೋ ಸಿಕ್ರೆ ರಾತ್ರಿ ಊಟ ಆದ್ಮೇಲೆ ಹಾಕು, ಅಪ್ಪನ್ನೂ ಪಕ್ಕದಲ್ಲಿ ಕೂರಿಸ್ಕೋ. ಒಬ್ಬರ ಹಿಂದೆ ಒಬ್ಬರು ಹೊರಡ್ತಾರಲ್ಲ, ಅದನ್ನ ಮಾತ್ರ ತಪ್ಪದೆ ನೋಡಿ ಭಾವ.