ಮೇಯೋ ಜೂನಿಯರ್ ಚಾಂಪಿಯನ್‌ಶಿಪ್: ಅಕ್ಕನ ಮಗ ಊರಿನ ಕ್ಲಬ್ ಬಿಟ್ಟು ಡಬ್ಲಿನ್ ಕ್ಲಬ್ ಸೇರಬೇಕಾ?

ಬಸವನಗುಡಿ ಮಾವ:

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನಲ್ಲಿ ಇರುವವರು, ಇದ್ದು ಬಂದವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮಕ್ಕ ನರ್ಸ್. ಮಗ ಇನ್ನೂ ತೊದಲು ಮಾತಾಡುತ್ತಿದ್ದ ವಯಸ್ಸಿನಲ್ಲೇ ಅಕ್ಕ ಭಾವ ಐರ್ಲೆಂಡಿನ ಮೇಯೋ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ತರಹ) ಹೋಗಿ ನೆಲೆಸಿದರು. ಅವನು ಅಲ್ಲೇ ಒಂದು ಹಳ್ಳಿಯಲ್ಲಿ ಬೆಳೆದ, ಅಲ್ಲಿಯ ಕ್ಲಬ್‌ನಲ್ಲೇ ಗೇಲಿಕ್ ಫುಟ್ಬಾಲ್ (ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಐರ್ಲೆಂಡಿನ ಆಟ) ಕಲಿತ. ಈಗ ಡಬ್ಲಿನ್‌ನಲ್ಲಿ ಕೆಲಸ. ಆದರೂ ಪ್ರತಿ ವಾರ ಮೂರು ಗಂಟೆ ಕಾರು ಓಡಿಸಿಕೊಂಡು ಊರಿಗೆ ಹೋಗಿ ಕೌಂಟಿ ಜೂನಿಯರ್ ಚಾಂಪಿಯನ್‌ಶಿಪ್ ಆಡುತ್ತಾನೆ. ಒಂದು ಪೈಸೆ ಸಂಬಳ ಇಲ್ಲ. ಭಾವನಿಗೆ ಇದು ಸರಿ ಕಾಣುತ್ತಿಲ್ಲ. ಆಡಲೇಬೇಕು ಅಂದರೆ ಡಬ್ಲಿನ್‌ನಲ್ಲೇ ದೊಡ್ಡ ಕ್ಲಬ್ ಸೇರಲಿ, ವಾರವೆಲ್ಲ ದುಡಿದು ಮತ್ತೆ ರಸ್ತೆ ಮೇಲೆ ಯಾಕೆ ಅಂತ ಅವರ ಮಾತು. ಅಕ್ಕ ಬಾಯಿ ಬಿಡುತ್ತಿಲ್ಲ. ಹುಡುಗ ನನ್ನ ಮಾತು ಕೇಳುತ್ತಾನೆ ಅಂತ ಈಗ ನನ್ನ ತಲೆಗೆ ಕಟ್ಟಿದ್ದಾರೆ.

ನಾನು ಆ ಆಟ ನೋಡಿದ್ದು ಕಡಿಮೆ. ಕಳೆದ ಡಿಸೆಂಬರ್‌ನಲ್ಲಿ ಬಂದಿದ್ದಾಗ ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಮಕ್ಕಳಿಗೆ ಚೆಂಡು ಹಿಡಿದುಕೊಂಡು ಓಡೋದು ಹೇಗೆ ಅಂತ ತೋರಿಸಿದ. ನಾಲ್ಕು ಹೆಜ್ಜೆ ಓಡೋದು, ಕೈಯಿಂದ ಚೆಂಡನ್ನು ಬೂಟಿನ ತುದಿಗೆ ಬಿಡೋದು, ಬೆರಳುಗಳನ್ನು ಮೇಲಕ್ಕೆ ಎಳೆದು ಅದನ್ನು ತನ್ನ ಎದೆಗೇ ವಾಪಸ್ ಚಿಮ್ಮಿಸೋದು, ಓಟ ಮಾತ್ರ ಒಂದು ಚೂರೂ ನಿಧಾನ ಆಗಬಾರದು. ಮಕ್ಕಳು ಸಂಜೆ ತನಕ ಬಿಡಲಿಲ್ಲ. ಅವತ್ತು ಅವನ ಮುಖದಲ್ಲಿ ಕಂಡ ಖುಷಿ ನೋಡಿದ ಮೇಲೆ, ಬಿಟ್ಟುಬಿಡಪ್ಪಾ ಅಂತ ಹೇಳೋಕೆ ನನಗೆ ಮನಸ್ಸಾಗುತ್ತಿಲ್ಲ. ಆದರೆ ಸುಮ್ನೆ ಅವನ ಪರ ಮಾತಾಡೋದೂ ಬೇಡ, ವಿಷಯ ತಿಳಿದು ಮಾತಾಡೋಣ ಅಂತ.

ಈ ಚಾಂಪಿಯನ್‌ಶಿಪ್ ಹೇಗೆ ನಡೆಯುತ್ತೆ, ಗೆದ್ದರೆ ಮುಂದೇನು, ಅಲ್ಲಿ ಇದಕ್ಕೆ ಎಷ್ಟು ಬೆಲೆ ಇದೆ? ಬಲ್ಲವರು ಬಿಡಿಸಿ ಹೇಳಿ.

ಕಾರ್ಕ್‌ನಿಂದ ವಾಪಸ್:

ಸರ್, ನಾನು ಕಾರ್ಕ್‌ನಲ್ಲಿ ಹಲವು ವರ್ಷ ಇದ್ದು ಈಗ ವೈಟ್‌ಫೀಲ್ಡ್‌ನಲ್ಲಿದ್ದೇನೆ. ಅಲ್ಲಿದ್ದಾಗ ಊರಿನ ಕ್ಲಬ್ ಮ್ಯಾಚು ಒಂದೂ ತಪ್ಪಿಸುತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಭಾವನವರಿಗೆ ಹೇಳಿ, ಜೂನಿಯರ್ ಅಂದರೆ ಮಕ್ಕಳ ಟೂರ್ನಿ ಅಲ್ಲ. ಪ್ರತಿ ಕೌಂಟಿಯಲ್ಲೂ ದೊಡ್ಡವರ ಕ್ಲಬ್‌ಗಳನ್ನು ಸೀನಿಯರ್, ಇಂಟರ್‌ಮೀಡಿಯೇಟ್, ಜೂನಿಯರ್ ಅಂತ ಮಟ್ಟ ಮಾಡಿರುತ್ತಾರೆ. ಜೂನಿಯರ್‌ನಲ್ಲಿ ಮೂವತ್ತೈದು ದಾಟಿದವರೂ ಆಡುತ್ತಾರೆ. ಜನ ಕಡಿಮೆ ಇರುವ ಹಳ್ಳಿಗಳ ಕ್ಲಬ್‌ಗಳು ಹೆಚ್ಚಾಗಿ ಇಲ್ಲೇ ಇರುತ್ತವೆ. ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳೂ ಹಲವು ಕಡೆ ಇದೇ ಮಟ್ಟದಲ್ಲಿ ಆಡುತ್ತವೆ.

ನಡೆಸುವ ರೀತಿ ಕೌಂಟಿಯಿಂದ ಕೌಂಟಿಗೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಗುಂಪು ಹಂತ, ಗುಂಪಿನ ಮೇಲಿನವರಿಗೆ ಕ್ವಾರ್ಟರ್ ಫೈನಲ್, ಆಮೇಲೆ ಸೆಮಿ, ಫೈನಲ್. ಗೆದ್ದವರು ಮುಂದಿನ ವರ್ಷ ಇಂಟರ್‌ಮೀಡಿಯೇಟ್‌ಗೆ ಏರುತ್ತಾರೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಕೌಂಟಿ ಚಾಂಪಿಯನ್ ಆ ವರ್ಷವೇ ಪ್ರಾಂತ್ಯದ ಚಾಂಪಿಯನ್‌ಶಿಪ್‌ಗೆ ಹೋಗುತ್ತದೆ. ಮೇಯೋ ಕಾನಾಕ್ಟ್ ಪ್ರಾಂತ್ಯಕ್ಕೆ ಸೇರಿದ್ದು, ಅಲ್ಲಿ ಗಾಲ್ವೇ, ರಾಸ್‌ಕಾಮನ್, ಸ್ಲೈಗೋ, ಲೀಟ್ರಿಮ್ ಕೌಂಟಿಗಳ ಚಾಂಪಿಯನ್‌ಗಳು ಎದುರಾಗುತ್ತಾರೆ. ಅದನ್ನೂ ಗೆದ್ದರೆ ಆಲ್ ಐರ್ಲೆಂಡ್. ಅದರ ಫೈನಲ್ ಜನವರಿಯಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ, 82,000ಕ್ಕೂ ಜಾಸ್ತಿ ಜನ ಹಿಡಿಸುವ ಮೈದಾನದಲ್ಲಿ. ಅಂಚೆ ಹಂಚುವವನು, ಹಾಲು ಕರೆಯುವವನು, ಶಾಲೆ ಮೇಷ್ಟ್ರು ಎಲ್ಲ ಒಂದೇ ಜರ್ಸಿ ಹಾಕಿಕೊಂಡು ಅಲ್ಲಿ ಆಡುತ್ತಾರೆ. ಇಂಥ ದಾರಿ ಒಂದು ಹಳ್ಳಿ ತಂಡಕ್ಕೆ ತೆರೆದಿರೋದು ನನಗೆ ಈಗಲೂ ಅದ್ಭುತ ಅನಿಸುತ್ತದೆ.

ಬೆಲೆ ಎಷ್ಟು ಅಂತ ಕೇಳಿದಿರಿ. ಕೆರಿ ಕೌಂಟಿಯ ಕಿಲಾರ್ನಿ ಹತ್ತಿರದ ಫೊಸ್ಸಾ ಅನ್ನೋ ಚಿಕ್ಕ ಕ್ಲಬ್ ನೋಡಿ. ಡೇವಿಡ್ ಕ್ಲಿಫರ್ಡ್ ಅಲ್ಲಿಯ ಹುಡುಗ. 2022ರಲ್ಲಿ ಕೆರಿ ಕೌಂಟಿ ತಂಡಕ್ಕೆ ಆಲ್ ಐರ್ಲೆಂಡ್ ಸೀನಿಯರ್ ಗೆಲ್ಲಿಸಿ ಆ ವರ್ಷದ ಶ್ರೇಷ್ಠ ಆಟಗಾರ ಅನಿಸಿಕೊಂಡವರು. ಅದೇ ಮನುಷ್ಯ ಅಣ್ಣ ಪಾಡಿ ಜೊತೆ ಊರಿನ ಜೂನಿಯರ್ ತಂಡದಲ್ಲಿ ಆಡಿ, 2023ರ ಜನವರಿಯಲ್ಲಿ ಟಿರೋನ್‌ನ ಸ್ಟುವರ್ಟ್ಸ್‌ಟೌನ್ ಹಾರ್ಪ್ಸ್ ವಿರುದ್ಧ ಕ್ರೋಕ್ ಪಾರ್ಕ್‌ನಲ್ಲಿ ಆಲ್ ಐರ್ಲೆಂಡ್ ಜೂನಿಯರ್ ಕಪ್ ಗೆದ್ದರು. ದೇಶದ ನಂಬರ್ ಒನ್ ಆಟಗಾರ ಊರಿನ ಕ್ಲಬ್ ಬಿಡಲಿಲ್ಲ. ಕೆರಿಯಲ್ಲಿ ಚಿಕ್ಕ ಕ್ಲಬ್‌ಗಳ ಆಟಗಾರರೆಲ್ಲ ಸೇರಿ ಒಂದು ವಲಯದ ತಂಡ ಕಟ್ಟಿ ಸೀನಿಯರ್ ಚಾಂಪಿಯನ್‌ಶಿಪ್‌ನಲ್ಲೂ ಆಡಬಹುದು, ಕ್ಲಿಫರ್ಡ್ ಹಾಗೇ ಈಸ್ಟ್ ಕೆರಿ ತಂಡದ ಜೊತೆ ಕೌಂಟಿ ಸೀನಿಯರ್ ಕಪ್ಪನ್ನೂ ಗೆದ್ದಿದ್ದಾರೆ.

ಡಬ್ಲಿನ್ ಕ್ಲಬ್ ಸೇರೋದು ತಪ್ಪೇನಲ್ಲ. ಅಲ್ಲೇ ವಾಸ ಇದ್ದರೆ ವರ್ಗಾವಣೆಗೆ ಅರ್ಜಿ ಹಾಕಬಹುದು. ಆದರೆ ಕಿಲ್‌ಮಕಡ್ ಕ್ರೋಕ್ಸ್ ತರಹದ ಕ್ಲಬ್‌ನಲ್ಲಿ ದೊಡ್ಡವರದೇ ಹಲವು ತಂಡ ಇರುತ್ತವೆ, ನಿಮ್ಮ ಹುಡುಗ ಕೆಳಗಿನ ಯಾವುದೋ ತಂಡದಲ್ಲಿ ಶುರು ಮಾಡಬೇಕಾಗಬಹುದು. ಊರಿನಲ್ಲಿ ಅವನಿಲ್ಲದೆ ಹದಿನೈದು ಜನ ಕೂಡಿಸೋದೇ ಕಷ್ಟ ಆಗಿರುತ್ತದೆ. ಅವನು ಕಾರು ಹತ್ತೋದಕ್ಕೆ ನಿಜವಾದ ಕಾರಣ ಅದೇ ಇರಬೇಕು, ಕೇಳಿ ನೋಡಿ.

ಎ ಡಿವಿಷನ್ ಬ್ಯಾಕ್:

ಗುರುಗಳೇ, ಎಲ್ಲ ಸರಿ, ಆದರೆ ಭಾವನವರ ಮಾತನ್ನೂ ತಳ್ಳಿಹಾಕಬೇಡಿ. ನಾನು ಇಲ್ಲಿ ಬೆಂಗಳೂರು ಲೀಗ್‌ನಲ್ಲಿ ಎ ಡಿವಿಷನ್ ತನಕ ಫುಟ್ಬಾಲ್ ಆಡಿದವನು. ಮಂಡಿಯ ಲಿಗಮೆಂಟ್ ಹರಿದಾಗ ಮನೆಯವರೇ ನೋಡಿಕೊಂಡರು, ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಮೆಟ್ಟಿಲು ಹತ್ತೋದೇ ಕಷ್ಟ ಇತ್ತು. ದಣಿದ ಮೈಯಲ್ಲಿ ಮೂರು ಗಂಟೆ ಡ್ರೈವ್ ಮಾಡಿ, ಇಳಿದ ತಕ್ಷಣ ಮೈ ಬಿಸಿ ಮಾಡಿಕೊಳ್ಳದೆ ಮೈದಾನಕ್ಕೆ ಇಳಿದರೆ ಗಾಯ ಕಟ್ಟಿಟ್ಟ ಬುತ್ತಿ. ಆಟ ಮುಗಿಸಿ ರಾತ್ರಿ ಮತ್ತೆ ಅದೇ ರಸ್ತೆ. ನನಗೆ ಗಾಯಕ್ಕಿಂತ ಆ ರಾತ್ರಿ ಡ್ರೈವಿಂಗ್ ಭಯ.

ಹಾಗಂತ ಬಿಡು ಅನ್ನೋದಿಲ್ಲ. ಎರಡು ವಿಷಯ ವಿಚಾರಿಸಿ. ವಾರದ ನಡುವಿನ ಪ್ರಾಕ್ಟೀಸ್‌ಗೂ ಊರಿಗೇ ಹೋಗುತ್ತಾನಾ? ಜೊತೆಗೆ ಕಾರಲ್ಲಿ ಯಾರಾದರೂ ಇರುತ್ತಾರಾ, ಒಬ್ಬನೇನಾ? ಗಾಯಕ್ಕೆ ಪರಿಹಾರ ಸಿಗುತ್ತಾ ಅಂತಲೂ ಗೊತ್ತಿದ್ದವರು ಹೇಳಿ.

ಗಾಲ್ವೇ ಅಮ್ಮ:

ಪರಿಹಾರ ಇದೆ. ಅಲ್ಲಿಯ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ನದೇ ಗಾಯದ ನಿಧಿ ಇದೆ, ತಂಡವನ್ನು ನೋಂದಾಯಿಸಿರಬೇಕು. ಆದರೆ ಅದು ಪೂರ್ತಿ ಇನ್ಶೂರೆನ್ಸ್ ಅಲ್ಲ, ಎಲ್ಲ ಖರ್ಚೂ ಬರೋದಿಲ್ಲ. ಹಾಗಾಗಿ ಸ್ವಂತ ಹೆಲ್ತ್ ಇನ್ಶೂರೆನ್ಸ್ ಇದ್ದರೆ ಒಳ್ಳೆಯದು. ಪ್ರಾಕ್ಟೀಸ್ ವಿಷಯಕ್ಕೆ ಬಂದರೆ, ಡಬ್ಲಿನ್‌ನಲ್ಲಿ ಓದುವ, ದುಡಿಯುವ ಹುಡುಗರು ಮೂರ್ನಾಲ್ಕು ಜನ ಇದ್ದರೆ ವಾರದ ನಡುವೆ ಅಲ್ಲೇ ಒಟ್ಟಿಗೆ ಪ್ರಾಕ್ಟೀಸ್ ಮಾಡಿಕೊಳ್ಳಿ ಅಂತ ಬಿಡುವ ಕೋಚ್‌ಗಳು ಇದ್ದಾರೆ. ಶುಕ್ರವಾರ ಒಂದೇ ಕಾರಲ್ಲಿ ಬರುತ್ತಾರೆ, ಭಾನುವಾರ ಒಂದೇ ಕಾರಲ್ಲಿ ಹೋಗುತ್ತಾರೆ. ಇದನ್ನು ಅಕ್ಕನಿಗೆ ಹೇಳಿ, ಅವರೇ ಕ್ಲಬ್‌ನವರ ಹತ್ತಿರ ಮಾತಾಡಲಿ. ಚಿಕ್ಕ ಊರು, ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ.

ನಾನೂ ನರ್ಸ್, ಹಾಗಾಗಿ ಅಕ್ಕನ ಮೌನ ನನಗೆ ಅರ್ಥ ಆಗುತ್ತೆ ಅಣ್ಣ. ಪರದೇಶದಲ್ಲಿ ನೈಟ್ ಡ್ಯೂಟಿ ಮಾಡಿಕೊಂಡು ಯಾರ ಪರಿಚಯವೂ ಇಲ್ಲದೆ ಇದ್ದವಳು ನಾನು. ಮಗಳನ್ನು ಎಂಟು ವರ್ಷದೊಳಗಿನ ಮಕ್ಕಳ ತಂಡಕ್ಕೆ ಹಾಕಿದ ಮೇಲೆ ನಮಗೆ ಊರು ಅಂತ ಒಂದು ಆಯಿತು. ಆ ವಯಸ್ಸಿನಲ್ಲಿ ಗೆಲುವು ಸೋಲಿಗೆ ಜಾಸ್ತಿ ಮಹತ್ವ ಕೊಡೋದಿಲ್ಲ, ಬಂದ ಮಕ್ಕಳೆಲ್ಲರಿಗೂ ಆಡೋಕೆ ಅವಕಾಶ ಇರಬೇಕು ಅಂತ ನೋಡಿಕೊಳ್ಳುತ್ತಾರೆ. ನನ್ನ ಡ್ಯೂಟಿ ತಡವಾದ ದಿನ ಇನ್ನೊಬ್ಬ ಹುಡುಗಿಯ ಅಜ್ಜಿ ಇವಳನ್ನು ಕರೆದುಕೊಂಡು ಹೋಗಿ, ಊಟ ಹಾಕಿ, ಮನೆಗೆ ಬಿಡುತ್ತಿದ್ದರು. ಹುಲ್ಲು ಕತ್ತರಿಸೋದು, ಗೆರೆ ಎಳೆಯೋದು, ಜರ್ಸಿ ಒಗೆಯೋದು ಎಲ್ಲ ಊರಿನವರೇ ಮಾಡುತ್ತಾರೆ. ಖರ್ಚಿಗೆ ಕ್ಲಬ್ ವಾರ ವಾರ ಲಾಟರಿ ನಡೆಸುತ್ತದೆ, ನಾನೂ ಒಂದೆರಡು ಯೂರೋ ಹಾಕುತ್ತೇನೆ. ನಿಮ್ಮ ಅಕ್ಕನ ಮಗ ಆ ಜನರ ಕೈಯಲ್ಲಿ ಬೆಳೆದಿದ್ದಾನೆ. ಅವನಿಗೆ ಅದು ಬರೀ ಆಟ ಅಲ್ಲ ಅನ್ನೋದು ಅಕ್ಕನಿಗೆ ಗೊತ್ತಿರುತ್ತದೆ, ಭಾವನಿಗೆ ಹೇಳೋಕೆ ಮಾತು ಸಿಗುತ್ತಿಲ್ಲ ಅಷ್ಟೇ.

ಆರ್.ಟಿ. ನಗರದ ಕೊಡಗಿನವ:

ನಾನು ಐರ್ಲೆಂಡ್ ನೋಡಿಲ್ಲ. ಆದರೆ ಇದನ್ನು ಓದುತ್ತಾ ನಮ್ಮ ಕೊಡವ ಹಾಕಿ ಹಬ್ಬವೇ ಕಣ್ಣ ಮುಂದೆ ಬಂತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಒಕ್ಕದ, ಅಂದರೆ ಮನೆತನದ, ಹೆಸರಲ್ಲೇ ತಂಡ, ಬೇರೆ ಒಕ್ಕ ಚೆನ್ನಾಗಿ ಆಡುತ್ತೆ ಅಂತ ಅಲ್ಲಿಗೆ ಹೋಗೋ ಮಾತೇ ಇಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಏಪ್ರಿಲ್ ಬಂತು ಅಂದರೆ ರಜೆ ಹಾಕಿ ರಾತ್ರಿ ಬಸ್ಸು ಹತ್ತುತ್ತೇವೆ, ಮೊದಲ ಮ್ಯಾಚಲ್ಲೇ ಸೋತು ವಾಪಸ್ ಬರುತ್ತೇವೆ ಅಂತ ಗೊತ್ತಿದ್ದರೂ ಹೋಗುತ್ತೇವೆ. ಭಾವನವರಿಗೆ ಹೀಗೆ ಹೇಳಿದರೆ ಥಟ್ ಅಂತ ಅರ್ಥ ಆಗಬಹುದು ಅಲ್ವಾ.

ಬಸವನಗುಡಿ ಮಾವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಅಕ್ಕನಿಗೆ ಫೋನಲ್ಲೇ ಓದಿ ಹೇಳಿದೆ. ಗಾಲ್ವೇ ಅಮ್ಮನ ಮಾತು ಬಂದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಅವರು ಹೇಳಿದ್ದು ಸರಿ ಕಣೋ" ಅಂದಳು. ಹುಡುಗನ ಹತ್ತಿರವೂ ಮಾತಾಡಿದೆ. ಒಬ್ಬನೇ ಡ್ರೈವ್ ಮಾಡೋದಂತೆ. ಅದೇ ಕ್ಲಬ್‌ನ ಇನ್ನಿಬ್ಬರು ಡಬ್ಲಿನ್‌ನಲ್ಲೇ ಇದ್ದಾರಂತೆ, ಅವರ ಜೊತೆ ಹೋಗೋದಕ್ಕೆ ಒಪ್ಪಿದ್ದಾನೆ. ಭಾವ ಪೂರ್ತಿ ಒಪ್ಪಿಲ್ಲ, ಆದರೆ ಭಾನುವಾರ ರಾತ್ರಿಯ ಬದಲು ಸೋಮವಾರ ಬೆಳಿಗ್ಗೆ ಹೊರಡಲಿ ಅಂತ ಒಂದೇ ಷರತ್ತು ಇಟ್ಟಿದ್ದಾರೆ. ಅದು ನ್ಯಾಯ ಅನಿಸಿತು.

ಮುಂದಿನ ಭಾನುವಾರ ಕ್ವಾರ್ಟರ್ ಫೈನಲ್. ಅವನದು ಹನ್ನೆರಡನೇ ನಂಬರ್ ಜರ್ಸಿ. ಇಲ್ಲಿ ಕೂತು ನೋಡಬೇಕು ಅಂತಿದ್ದೇನೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ ಅಂದರೆ ಇಲ್ಲಿ ಎಷ್ಟು? ಸ್ಕೋರನ್ನು 1-11, 2-7 ಅಂತ ಬರೆಯುತ್ತಾರಲ್ಲ, ಅದನ್ನು ಹೇಗೆ ಓದೋದು?

ಕಾರ್ಕ್‌ನಿಂದ ವಾಪಸ್:

ಭಾವನವರ ಷರತ್ತಿಗೆ ನನ್ನದೂ ಒಂದು ಓಟು.

ಅಕ್ಟೋಬರ್ ಕೊನೆಯ ಭಾನುವಾರದ ತನಕ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ, ಹಾಗಾಗಿ ಸಂಜೆ ಏಳೂವರೆಗೆ ಶುರು. ಆಮೇಲೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಅಂತರ ಐದೂವರೆ ಗಂಟೆ ಆಗುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಹುಡುಗನ ತಂಡ ಕಾನಾಕ್ಟ್‌ನಲ್ಲಿ ಆಡುತ್ತಿರಲಿ.

ಸ್ಕೋರಿನಲ್ಲಿ ಮೊದಲನೆಯದು ಗೋಲು, ಎರಡನೆಯದು ಪಾಯಿಂಟು. ಕಂಬಗಳು ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಕಂಬದ ಕೆಳಗೆ ನೆಟ್‌ಗೆ ಹೋದರೆ ಗೋಲು, ಅದಕ್ಕೆ ಮೂರು. ಮೇಲಿಂದ ಹೋದರೆ ಒಂದು. ಹಾಗಾಗಿ 1-11 ಅಂದರೆ ಒಟ್ಟು 14, 2-7 ಅಂದರೆ 13. ಎರಡು ಗೋಲು ಹೊಡೆದವರೇ ಸೋತರು ನೋಡಿ. 2025ರಿಂದ ಹೊಸ ನಿಯಮ ಬಂದಿದೆ, ಗೋಲಿನಿಂದ 40 ಮೀಟರ್ ದೂರದ ಕಮಾನಿನ ಆಚೆಯಿಂದ ಒದ್ದು ಮೇಲಿಂದ ಹಾಕಿದರೆ ಎರಡು. ಕಂಬದ ಪಕ್ಕ ಬಿಳಿ ಕೋಟು ಹಾಕಿಕೊಂಡ ಅಂಪೈರ್‌ಗಳು ನಿಂತಿರುತ್ತಾರೆ, ಅವರ ಕೈ ನೋಡುತ್ತಿರಿ. ಹಸಿರು ಬಾವುಟ ಎತ್ತಿದರೆ ಗೋಲು, ಬಿಳಿ ಎತ್ತಿದರೆ ಪಾಯಿಂಟು, ಕಿತ್ತಳೆ ಎತ್ತಿದರೆ ಎರಡು ಪಾಯಿಂಟು.

ಹನ್ನೆರಡನೇ ನಂಬರ್ ಅಂದರೆ ಎಡಗಡೆಯ ಹಾಫ್ ಫಾರ್ವರ್ಡ್. ಅರ್ಧ ಗಂಟೆಯ ಎರಡು ಅವಧಿಯಲ್ಲಿ ಮೈದಾನದ ಆ ತುದಿ ಈ ತುದಿ ಜಾಸ್ತಿ ಓಡುವ ಜಾಗಗಳಲ್ಲಿ ಅದೂ ಒಂದು. ಚೆಂಡು ಅವನ ಹತ್ತಿರ ಇಲ್ಲದಾಗಲೂ ಅವನನ್ನೇ ನೋಡುತ್ತಿರಿ, ಅವನ ಆಟ ಅಲ್ಲಿ ಗೊತ್ತಾಗುತ್ತದೆ. ಕ್ಲಬ್ ಮ್ಯಾಚುಗಳು ಕೆಲವು ಕ್ಲಬ್ಬರ್ ಆ್ಯಪ್‌ನಲ್ಲಿ ಬರುತ್ತವೆ, ಇಲ್ಲದಿದ್ದರೆ ಅಲ್ಲಿಯ ಲೋಕಲ್ ರೇಡಿಯೋ. ಎರಡೂ ಸಿಗದಿದ್ದರೆ ಅಕ್ಕನಿಗೇ ಬದಿಯಲ್ಲಿ ನಿಂತು ವಿಡಿಯೋ ಕಾಲ್ ಮಾಡೋಕೆ ಹೇಳಿ. ಭಾನುವಾರ ರಾತ್ರಿ ಸ್ಕೋರ್ ಇಲ್ಲಿ ಹಾಕಿ, ಕಾಯುತ್ತಿರುತ್ತೇವೆ.