ಅಟ್ಟದ ಟಿವಿ ಗೇಮ್, ಮಾರಿಯೊ ಸರಣಿ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ, ಹಾಸನದಿಂದ

ದಸರಾ ರಜೆಗೆ ಅಕ್ಕನ ಮಕ್ಕಳಿಬ್ಬರು ಬರುತ್ತಾರೆ. ಹುಡುಗನಿಗೆ 11, ಹುಡುಗಿಗೆ 13. ಅಟ್ಟದ ಮೇಲೆ ಕ್ಯಾಸೆಟ್ ಹಾಕುವ ಹಳೇ ಟಿವಿ ಗೇಮ್ ಇದೆ, ಜೊತೆಗೆ ಮಾರಿಯೊ ಇರುವ ಒಂದು ಕ್ಯಾಸೆಟ್, ಎರಡು ರಿಮೋಟು. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಮಾರಿಯೊ ಸರಣಿಯನ್ನು ಮೊದಲಿಂದ ಆಡಿಸಬೇಕು, ಅದನ್ನು ಹೇಗೆ ಕಟ್ಟಿದರು ಅನ್ನುವುದನ್ನೂ ಹೇಳಬೇಕು ಅಂತ ಆಸೆ. ಮಿಷನ್ ಹೇಗೆ ಸಿದ್ಧ ಮಾಡಿಕೊಳ್ಳಲಿ? ಯಾವ ಆಟ ಆದಮೇಲೆ ಯಾವುದು? ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ? ಗೊತ್ತಿರುವವರು ಹೇಳಿ.

ಮೂಡಿಗೆರೆಯಿಂದ

ಮೊದಲೇ ಕರೆಂಟಿಗೆ ಹಾಕಬೇಡಿ ಸರ್. ಅಡಾಪ್ಟರ್ ನೋಡಿ. ಇವೆಲ್ಲ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನುವ ಗೇಮ್ ಮಿಷನ್ನಿನ ನಕಲುಗಳು. ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ ಬೇಕು, ಆದರೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಅಸಲಿ ಫ್ಯಾಮಿಕಾಮ್‌ನಲ್ಲಿ ನಡುವೆ ಮೈನಸ್. ಮಿಷನ್ನಿನ ತಳದಲ್ಲಿರುವ ಗುರುತನ್ನೂ ಅಡಾಪ್ಟರ್ ಮೇಲಿನದನ್ನೂ ತಾಳೆ ನೋಡಿ, ಮಲ್ಟಿಮೀಟರಿನಲ್ಲಿ ಒಮ್ಮೆ ಅಳೆಯಿರಿ. ಭಾರದ ಕಾಯಿಲ್ ಅಡಾಪ್ಟರ್ ಆಗಿದ್ದರೆ ಬರೀ ಅದನ್ನೇ ಅಳೆದಾಗ 12-13 ವೋಲ್ಟ್ ತೋರಿಸಬಹುದು, ಅದು ಸಹಜ. ಒಳಗಿರುವ 7805 ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಮಾತ್ರ ಮಿಷನ್ನೇ ಸುಟ್ಟುಹೋಗಬಹುದು.

ಆಮೇಲೆ ಕ್ಯಾಸೆಟ್. ಬಾಯಿಂದ ಊದಲೇಬೇಡಿ. ಉಸಿರಿನ ತೇವ ತಾಮ್ರದ ಹಲ್ಲುಗಳ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ಊದಿದಾಗ ಆಟ ಬಂದಿದ್ದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದಾಗ ಹಲ್ಲು ಬೇರೆ ಜಾಗಕ್ಕೆ ತಾಗಿದ್ದರಿಂದ. ನಮ್ಮ ಕಡೆ ಮಳೆಗಾಲದ ಶೀತಕ್ಕೆ ಬೂಷ್ಟೂ ಸೇರಿಕೊಂಡಿರುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಡುತ್ತಾರೆ. 99 ಪರ್ಸೆಂಟಿನದ್ದು ತನ್ನಿ, ಕಡಿಮೆ ಇದ್ದರೆ ನೀರಿನಂಶ ಉಳಿಯುತ್ತದೆ. ಕಿವಿಗೆ ಹಾಕುವ ಬಡ್ಸ್ ಅದ್ದಿ ಹಲ್ಲಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಒರೆಸಿ. ಅಡ್ಡ ಉಜ್ಜಿದರೆ ಒಂದರ ಕೊಳೆ ಇನ್ನೊಂದಕ್ಕೆ ಹೋಗುತ್ತದೆ. ಬಡ್ಸ್ ಕಪ್ಪಾಗುವುದು ನಿಲ್ಲುವ ತನಕ ಬದಲಿಸುತ್ತಾ ಹೋಗಿ, ಎರಡೂ ಮಗ್ಗುಲು. ಹಸಿರು ಕಿಲುಬು ಬಿಡದಿದ್ದರೆ ಬಿಳೀ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಎರಡು ಸಲ ಉಜ್ಜಿ, ಅದಕ್ಕಿಂತ ಹೆಚ್ಚು ಬೇಡ. ಹತ್ತು ನಿಮಿಷ ಒಣಗಲಿ. ಚೀಟಿ ನಿಮ್ಮ ಕಡೆ ಮುಖ ಮಾಡಿರಲಿ. ಕೆಲವು ನಕಲಿ ಮಿಷನ್ನುಗಳಲ್ಲಿ ತಿರುಗಾಮುರುಗಾ ಕೂಡ ಒಳಗೆ ಹೋಗುತ್ತದೆ, ಹಾಗೆ ಹಾಕಬಾರದು.

ತಪ್ಪು ಎಲ್ಲಿದೆ ಅನ್ನುವುದನ್ನು ಪರದೆಯೇ ಹೇಳುತ್ತದೆ. ಈ ಕ್ಯಾಸೆಟ್‌ಗಳಲ್ಲಿ 60 ಹಲ್ಲು. ಆಟದ ಪ್ರೋಗ್ರಾಂ ಓದುವ ಹಲ್ಲುಗಳು ಬೇರೆ, ಚಿತ್ರ ಓದುವವು ಬೇರೆ. ಸಂಗೀತ ಸರಿಯಾಗಿ ಬಂದು, ಗುಂಡಿ ಒತ್ತಿದರೆ ಆಟ ನಡೆದು, ಚಿತ್ರ ಮಾತ್ರ ಚಿಂದಿಚಿಂದಿಯಾಗಿದ್ದರೆ ಚಿತ್ರದ ಕಡೆಯ ಹಲ್ಲು ಕೊಳೆ. ಏನೂ ಇಲ್ಲದೆ ಒಂದೇ ಬಣ್ಣದ ಪರದೆ ಬಂದರೆ ಪ್ರೋಗ್ರಾಂ ಕಡೆಯದು, ಇಲ್ಲವೇ ಚಿಪ್ ಹೋಗಿದೆ. ಕ್ಯಾಸೆಟ್ ಬಿಚ್ಚಿದಾಗ ಬೋರ್ಡಿನ ಮೇಲೆ ಕರೀ ಟಾರಿನ ಉಂಡೆಯಂಥದ್ದು ಕಂಡರೆ ಅದರಡಿಯೇ ಚಿಪ್ಪು. ಅದು ಕೆಟ್ಟಿದ್ದರೆ ರಿಪೇರಿ ಇಲ್ಲ, ಬೇರೆ ಕ್ಯಾಸೆಟ್ ಹುಡುಕಿ.

ರಿಮೋಟಿನಲ್ಲಿ ನಾಲ್ಕು ಗುಂಡಿ ಇದ್ದರೆ ಅದರಲ್ಲಿ ಎರಡು ಟರ್ಬೊ. ಮಕ್ಕಳು ಟರ್ಬೊ ಮುಟ್ಟದಂತೆ ನೋಡಿಕೊಳ್ಳಿ. ಮಾರಿಯೊ ಎಷ್ಟು ಎತ್ತರ ಜಿಗಿಯುತ್ತಾನೆ ಅನ್ನುವುದು ಎ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದಿರಿ ಅನ್ನುವುದರ ಮೇಲೆ ನಿಂತಿದೆ. ಟರ್ಬೊ ಅದನ್ನು ಸೆಕೆಂಡಿಗೆ ಹಲವು ಸಲ ಒತ್ತಿ ಬಿಡುತ್ತದೆ, ಜಿಗಿತ ಗಿಡ್ಡವಾಗುತ್ತದೆ, ಪೈಪು ಹತ್ತಲಾಗದೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಗುಂಡಿ ಕೆಲಸ ಮಾಡದಿದ್ದರೆ ಬಿಚ್ಚಿ, ರಬ್ಬರಿನಡಿಯ ಕರೀ ಬಿಲ್ಲೆಯನ್ನೂ ಬೋರ್ಡನ್ನೂ ಅದೇ ಐಪಿಎಯಿಂದ ಹಗುರವಾಗಿ ಒರೆಸಿ. ಒಂದು ದಿಕ್ಕು ಆಗಾಗ ಹೋಗಿಬಂದರೆ ವೈರು ಪ್ಲಗ್ಗಿನ ಬುಡದಲ್ಲಿ ಮುರಿದಿರುತ್ತದೆ. ಇನ್ನೊಂದು ಮಿಷನ್ನಿನ ರಿಮೋಟು ತಂದು ಚುಚ್ಚಬೇಡಿ, ಪ್ಲಗ್ಗು ಒಂದೇ ಥರ ಕಂಡರೂ ಒಳಗಿನ ವೈರಿಂಗ್ ಬೇರೆ ಇರಬಹುದು.

ಚಿಕ್ಕಮಗಳೂರಿನಿಂದ

ಮಿಷನ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಕ್ರಮದ ಬಗ್ಗೆ ನನ್ನ ಮಾತು ಇಷ್ಟು: ಬಿಡುಗಡೆಯಾದ ಕ್ರಮದಲ್ಲೇ ಆಡಿಸಿ, ಆದರೆ ಎರಡನೆಯದನ್ನು ಬದಿಗಿಡಿ. 1985ರ ಸೂಪರ್ ಮಾರಿಯೊ ಬ್ರದರ್ಸ್, 1988ರ ಮೂರನೆಯದು, 1990ರ ಸೂಪರ್ ಮಾರಿಯೊ ವರ್ಲ್ಡ್. ಒಂದೊಂದರಲ್ಲೂ ಮಿಷನ್ನಿನ ಯಾವ ಮಿತಿ ಸಡಿಲವಾಯಿತು ಅಂತ ತೋರಿಸಿದರೆ ಚರಿತ್ರೆ ತಾನಾಗಿ ಹೇಳಿದಂತಾಗುತ್ತದೆ.

ಮೊದಲನೆಯದು ಜಪಾನಿನಲ್ಲಿ ಬಂದದ್ದು 1985ರ ಸೆಪ್ಟೆಂಬರ್ 13ಕ್ಕೆ. ನಿರ್ದೇಶನ ಶಿಗೆರು ಮಿಯಾಮೊಟೊ, ಜೊತೆಗೆ ತಕಾಶಿ ತೆಜುಕಾ, ಸಂಗೀತ ಕೋಜಿ ಕೊಂಡೊ. ಇಡೀ ಆಟ 40 ಕೆಬಿ: ಪ್ರೋಗ್ರಾಂ 32, ಚಿತ್ರಗಳಿಗೆ 8. ಫೋನಿನ ಒಂದು ಫೋಟೊ 3 ಎಂಬಿ ಇದ್ದರೆ ಅಷ್ಟರಲ್ಲಿ ಇಂಥ 75 ಆಟ ಹಿಡಿಸುತ್ತವೆ. ಹುಡುಗಿಗೆ 13 ಅಂದಿರಿ, ಈ ಲೆಕ್ಕ ಅವಳ ಕೈಲೇ ಮಾಡಿಸಿ. ಆಮೇಲೆ ಮೋಡವನ್ನೂ ಪೊದೆಯನ್ನೂ ತೋರಿಸಿ. ಎರಡೂ ಒಂದೇ ಚಿತ್ರ, ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಹಸಿರು. ಗೂಂಬಾ ಅನ್ನುವ ಕಂದು ಅಣಬೆಯಂಥ ಶತ್ರುವಿನ ಕಾಲು ನೋಡಿ: ಒಂದೇ ಚಿತ್ರವನ್ನು ಎಡಬಲ ಕನ್ನಡಿ ಮಾಡಿ ಮಾಡಿ ನಡೆದಂತೆ ಕಾಣಿಸಿದ್ದಾರೆ. ಕಾರಣ, ಅದು ಕೊನೆಗೆ ಸೇರಿದ ಪಾತ್ರ. ಮೊದಲು ಎದುರಾಗುತ್ತಿದ್ದದ್ದು ಆಮೆ. ಆಮೆಯನ್ನು ತುಳಿದು, ಆಮೇಲೆ ಚಿಪ್ಪನ್ನು ಒದೆಯಬೇಕು. ಹೊಸಬರಿಗೆ ಇದು ಕಷ್ಟ ಅಂತ ಆಡಿ ನೋಡಿದವರು ಹೇಳಿದರು. ತುಳಿದರೆ ಮುಗಿಯುವ ಸುಲಭದ ಶತ್ರು ಬೇಕಾಯಿತು, ಅಷ್ಟರಲ್ಲಿ ಜಾಗ ಹೆಚ್ಚೇನೂ ಉಳಿದಿರಲಿಲ್ಲ.

1-1ರ, ಅಂದರೆ ಮೊದಲ ಲೋಕದ ಮೊದಲ ಹಂತದ, ಮೊದಲ ಪರದೆಯಲ್ಲಿ ಕನಿಷ್ಠ ಅರ್ಧ ಗಂಟೆ ಕಳೆಯಿರಿ, ಇದು ನನ್ನ ಕಳಕಳಿಯ ಮಾತು. ಏನೂ ಹೇಳಿಕೊಡಬೇಡಿ, ಮಕ್ಕಳ ಕೈ ನೋಡುತ್ತಾ ಕೂರಿ. ಮಾರಿಯೊ ಎಡಗಡೆ ನಿಂತು ಬಲಕ್ಕೆ ನೋಡುತ್ತಾನೆ, ಬಲಕ್ಕೆ ಖಾಲಿ ಜಾಗ. ಹೋಗಬೇಕಾದ ದಿಕ್ಕು ಗೊತ್ತಾಯಿತು. ಗೂಂಬಾ ಬರುತ್ತದೆ, ತಾಗಿದರೆ ಸಾವು, ಆದರೆ ಆಟ ಶುರುವಾಗಿ ನಾಲ್ಕೇ ಹೆಜ್ಜೆ ಆಗಿರುವುದರಿಂದ ನಷ್ಟವಿಲ್ಲ. ಪ್ರಶ್ನೆ ಚಿಹ್ನೆಯ ಪೆಟ್ಟಿಗೆ ಬಡಿದರೆ ಅಣಬೆ ಬಂದು ಬಲಕ್ಕೆ ಉರುಳಿ, ಪೈಪಿಗೆ ಬಡಿದು ತಿರುಗಿ ಮಾರಿಯೊ ಕಡೆಗೇ ಬರುತ್ತದೆ. ಶತ್ರು ಅಂದುಕೊಂಡು ಹಾರಿ ತಪ್ಪಿಸಿಕೊಳ್ಳಹೋದರೆ ತಲೆ ಮೇಲಿನ ಇಟ್ಟಿಗೆಗೆ ತಾಗಿ ಅಣಬೆಯ ಮೇಲೆಯೇ ಬೀಳುತ್ತಾನೆ, ದೊಡ್ಡವನಾಗುತ್ತಾನೆ. ಕೊನೆಯ ಭಾಗದಲ್ಲಿ ಎರಡು ಜೋಡಿ ಮೆಟ್ಟಿಲು ಬರುತ್ತವೆ: ಮೊದಲ ಜೋಡಿಯ ನಡುವೆ ನೆಲವಿದೆ, ಎರಡನೆಯದರ ನಡುವೆ ಹಳ್ಳ. ಬಿದ್ದರೂ ಸಾಯದ ಕಡೆ ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ. ಒಂದು ಅಕ್ಷರವೂ ಬರೆಯದೆ ಪಾಠ ಹೇಳಿದ್ದಾರೆ ಕಣ್ರೀ. ಇದಕ್ಕಿಂತ ಚೆನ್ನಾಗಿ ಕಲಿಸುವ ಪರದೆ ನಾನಂತೂ ಬೇರೆ ಆಟದಲ್ಲಿ ಕಂಡಿಲ್ಲ.

ಮೂರನೆಯದಕ್ಕೆ ಬಂದಾಗ ಎರಡು ವ್ಯತ್ಯಾಸ ಕೇಳಿ. ಮೊದಲನೆಯದರಲ್ಲಿ ಪರದೆ ಎಡಕ್ಕೆ ಹಿಂದಿರುಗುವುದಿಲ್ಲ, ಇದರಲ್ಲಿ ಹಿಂದಿರುಗುತ್ತದೆ, ಹಾರಿದರೆ ಮೇಲಕ್ಕೂ ಹೋಗುತ್ತದೆ. ಅಂಕಗಳ ಪಟ್ಟಿ ಮೊದಲನೆಯದರಲ್ಲಿ ಮೇಲಿತ್ತು, ಇಲ್ಲಿ ಕೆಳಗೆ ಬಂದಿದೆ. ಮೊದಲನೆಯದರಲ್ಲಿ ಪಟ್ಟಿ ನಿಂತು ಕೆಳಗಿನ ಚಿತ್ರ ಮಾತ್ರ ಓಡಬೇಕಿತ್ತು. ಅದಕ್ಕಾಗಿ ಪಟ್ಟಿಯಲ್ಲಿರುವ ಪುಟ್ಟ ನಾಣ್ಯದ ತುದಿಯಲ್ಲಿ ಒಂದು ಸ್ಪ್ರೈಟ್ (ಪರದೆ ಮೇಲೆ ಓಡಾಡಿಸಬಹುದಾದ ಪುಟ್ಟ ಚಿತ್ರ) ಅಡಗಿಸಿಟ್ಟು, ಟಿವಿ ಮೇಲಿಂದ ಕೆಳಕ್ಕೆ ಒಂದೊಂದಾಗಿ ಬಿಡಿಸುವ ಗೆರೆ ಅಲ್ಲಿಗೆ ಬಂತು ಅಂತ ಅದರಿಂದ ತಿಳಿದುಕೊಳ್ಳುತ್ತಿದ್ದರು. ಮೂರನೆಯದರ ಕ್ಯಾಸೆಟ್ಟಿನಲ್ಲಿ ಎಂಎಂಸಿ3 ಅನ್ನುವ ಹೆಚ್ಚಿನ ಚಿಪ್ಪಿದೆ, ಅದೇ ಗೆರೆ ಎಣಿಸಿ ಹೇಳುತ್ತದೆ. ಆಟದ ಗಾತ್ರವೂ 384 ಕೆಬಿಗೆ ಏರಿತು. ನಕಲಿ ಕ್ಯಾಸೆಟ್ಟಿನಲ್ಲಿ ಈ ಪಟ್ಟಿ ನಡುಗಿದರೆ ಅಥವಾ ಹರಿದರೆ ಕಾರಣ ಇದೇ: ಆ ಎಣಿಕೆ ಸರಿಯಾಗಿ ನಡೆಯುತ್ತಿಲ್ಲ.

ವರ್ಲ್ಡ್ ನಿಮ್ಮ ಮಿಷನ್ನಿನಲ್ಲಿ ಓಡುವುದಿಲ್ಲ, ಅದು ಸೂಪರ್ ಫ್ಯಾಮಿಕಾಮ್‌ನದು. ಯಾರ ಮನೆಯಲ್ಲಾದರೂ ನಿಂಟೆಂಡೊ ಸ್ವಿಚ್ ಮತ್ತು ಅದರ ಆನ್‌ಲೈನ್ ಸದಸ್ಯತ್ವ ಇದ್ದರೆ ಹಳೇ ಆಟಗಳ ಆ್ಯಪಿನಲ್ಲಿ ಸಿಗುತ್ತದೆ. ಯೋಶಿಯನ್ನು ಮರೆಯದೆ ತೋರಿಸಿ. ಮಾರಿಯೊನನ್ನು ಡೈನೋಸಾರ್ ಮೇಲೆ ಕೂರಿಸುವ ಆಸೆ ಮಿಯಾಮೊಟೊಗೆ ಮೊದಲ ಆಟದ ಕಾಲದಿಂದ ಇತ್ತು, ಹಳೇ ಮಿಷನ್ನಿನಲ್ಲಿ ಆಗಲಿಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಒರೆಸಿದ ಮೇಲೆ ಆಟ ಬಂತು! ಆದರೆ ಸಂಗೀತ ಎಳೆದಂತೆ ಕೇಳುತ್ತಿದೆ, ಮಾರಿಯೊನೂ ನಿಧಾನ. ಕೆಟ್ಟಿದೆಯಾ?

ಮೂಡಿಗೆರೆಯಿಂದ

ಕೆಟ್ಟಿಲ್ಲ. ಆಟ ಬರೆದದ್ದು ಸೆಕೆಂಡಿಗೆ 60 ಚಿತ್ರದ ಜಪಾನ್ ಟಿವಿಗೆ. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಗೆ ಮಾಡಿದ ಮಿಷನ್ 50 ಚಿತ್ರ ಕೊಡುತ್ತದೆ. ಆಟದ ಗಡಿಯಾರ ಚಿತ್ರಗಳನ್ನೇ ಎಣಿಸುವುದರಿಂದ ಎಲ್ಲವೂ ಆರರಲ್ಲಿ ಐದು ಪಾಲು ವೇಗದಲ್ಲಿ ನಡೆಯುತ್ತದೆ. ಟೈಮ್ ಅಂತ ಮೇಲಿರುವುದು 24 ಚಿತ್ರಕ್ಕೆ ಒಂದು ಇಳಿಯುತ್ತದೆ. 400 ಅಂದರೆ ಅಲ್ಲಿ 160 ಸೆಕೆಂಡು, ನಿಮ್ಮಲ್ಲಿ 192. ಹೊಸಬರಿಗೆ ಅನುಕೂಲವೇ ಆಯಿತು. ಎಲ್‌ಸಿಡಿ ಟಿವಿಗೆ ಹಾಕಿದ್ದರೆ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಜಿಗಿಯುವುದಕ್ಕೂ ನಡುವೆ ತಡವಾಗಿ ಹಳ್ಳಕ್ಕೆ ಬೀಳುತ್ತಾರೆ. ಕ್ಯಾಸೆಟ್ಟಿನಲ್ಲಿ ಬಾತುಕೋಳಿ ಹೊಡೆಯುವ ಬಂದೂಕಿನ ಆಟ ಇದ್ದರೆ ಅದಕ್ಕೆ ಹಳೇ ಡಬ್ಬಾ ಟಿವಿಯೇ ಬೇಕು.

ಸಕಲೇಶಪುರದಿಂದ

ಸಿಕ್ಕಿಹಾಕಿಕೊಳ್ಳುವ ಜಾಗಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲು: ಜೀವ ಮುಗಿದು ಗೇಮ್ ಓವರ್ ಆದಮೇಲೆ ಶೀರ್ಷಿಕೆ ಪರದೆಯಲ್ಲಿ ಎ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿ. ಸತ್ತ ಲೋಕದ ಮೊದಲ ಹಂತದಿಂದ ಶುರುವಾಗುತ್ತದೆ. 6-3ರಲ್ಲಿ ಸತ್ತರೆ 6-1. ಮಿಷನ್ ಆರಿಸಿದರೆ ಅಥವಾ ಕರೆಂಟು ಹೋದರೆ ಈ ನೆನಪು ಹೋಗುತ್ತದೆ. ಇನ್ವರ್ಟರ್ ಬದಲಾಗುವ ಕ್ಷಣದ ಮಿಣುಕಿಗೂ ಕೆಲವು ಮಿಷನ್ ರೀಸೆಟ್ ಆಗುತ್ತವೆ. ಮಳೆ ಗುಡುಗು ಇರುವ ಸಂಜೆ 8ನೇ ಲೋಕ ಶುರು ಮಾಡಿಸಬೇಡಿ.

ಜೀವ ಕಡಿಮೆ ಬಿದ್ದರೆ 3-1ರ ಕೊನೆಯ ಮೆಟ್ಟಿಲಿಗೆ ಹೋಗಿ. ಅಲ್ಲಿ ಎರಡು ಆಮೆ ಇಳಿದು ಬರುತ್ತವೆ. ಎರಡನೆಯದು ಮೆಟ್ಟಿಲ ಮೇಲಿರುವಾಗಲೇ ತುಳಿಯಿರಿ, ಚಿಪ್ಪು ಮುಂದಿನ ಮೆಟ್ಟಿಲಿನ ಗೋಡೆಗೆ ಬಡಿದು ಮತ್ತೆ ಮತ್ತೆ ಕಾಲಡಿಗೇ ಬರುವಂತೆ ಅದರ ಮೇಲೆ ಜಿಗಿಯುತ್ತಿರಿ. ಅಂಕ ಏರುತ್ತಾ ಹೋಗಿ ಕೊನೆಗೆ ಪ್ರತಿ ಜಿಗಿತಕ್ಕೂ ಒಂದು ಜೀವ. ಆದರೆ ಆಸೆಬುರುಕರಾಗಬೇಡಿ. ಜೀವದ ಎಣಿಕೆ ಇರುವುದು ಒಂದೇ ಬೈಟಿನಲ್ಲಿ. 127 ದಾಟಿದರೆ ಆಟ ಅದನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆ ಅಂತ ಓದುತ್ತದೆ, ಮುಂದೆ ಒಂದೇ ಸಲ ಸತ್ತರೂ ಗೇಮ್ ಓವರ್. ಮೂವತ್ತು ನಲವತ್ತು ಸಾಕು.

4-4, 7-4, 8-4 ಇವು ಸುತ್ತುಗೋಟೆಗಳು. ಸರಿಯಾದ ಎತ್ತರದ ದಾರಿಯಲ್ಲಿ ಹೋಗದಿದ್ದರೆ ಅದೇ ಜಾಗ ಮತ್ತೆ ಬರುತ್ತದೆ, ಯಾವ ಶಬ್ದವೂ ಎಚ್ಚರಿಸುವುದಿಲ್ಲ. ಸೂಪರ್ ಫ್ಯಾಮಿಕಾಮ್‌ಗೆ ಮತ್ತೆ ಮಾಡಿದ ಆಲ್-ಸ್ಟಾರ್ಸ್‌ನಲ್ಲಿ ಮಾತ್ರ ಸರಿ ತಪ್ಪಿಗೆ ಬೇರೆ ಬೇರೆ ಸದ್ದು ಸೇರಿಸಿದರು. ಒಬ್ಬರು ಆಡಲಿ, ಇನ್ನೊಬ್ಬರು ಕಾಗದದ ಮೇಲೆ ಮೇಲಿನ ದಾರಿ, ನಡುವಿನದು, ಕೆಳಗಿನದು ಅಂತ ಬರೆಯುತ್ತಾ ಹೋಗಲಿ. 8-4ರಲ್ಲಿ ದಾರಿಯ ಬದಲು ಸರಿಯಾದ ಪೈಪಿನೊಳಗೆ ಇಳಿಯಬೇಕು, ಅದನ್ನೂ ಬರೆದುಕೊಳ್ಳಿ. 8-1 ಉದ್ದದ ಹಂತ, ಟೈಮ್ ಮಾತ್ರ 300. ಅಲ್ಲಿ ನಾಣ್ಯಕ್ಕೆ ನಿಲ್ಲಬೇಡಿ, ಬಿ ಒತ್ತಿ ಹಿಡಿದು ಓಡಬೇಕು. ಓಡುತ್ತಾ ಜಿಗಿದರೆ ಎತ್ತರವೂ ಹೆಚ್ಚು ಸಿಗುತ್ತದೆ. ಕೋಟೆಯ ಕೊನೆಯಲ್ಲಿ ಕಾಯುವ ಖಳ ಬೌಸರ್‌ಗೆ ಬೆಂಕಿಯುಂಡೆ 5 ಬಿದ್ದರೆ ಸತ್ತ. ಪರದೆಯಲ್ಲಿ ಒಮ್ಮೆಗೆ ಎರಡೇ ಉಂಡೆ ಇರಲು ಸಾಧ್ಯ, ಗುಂಡಿ ಬಡಿದು ಪ್ರಯೋಜನವಿಲ್ಲ. ಹತ್ತಿರದಿಂದ ಹೊಡೆದರೆ ಉಂಡೆ ಬೇಗ ತಾಗಿ ಮುಂದಿನದಕ್ಕೆ ಜಾಗವಾಗುತ್ತದೆ.

1-2ರ ಕೊನೆಯಲ್ಲಿ ಮೇಲ್ಚಾವಣಿ ಹತ್ತಿ ಹೋದರೆ 2, 3, 4ನೇ ಲೋಕಕ್ಕೆ ಪೈಪುಗಳಿವೆ. ಮೊದಲ ವಾರ ಇದನ್ನು ಹೇಳಬೇಡಿ, ತಾವೇ ಕಂಡುಕೊಳ್ಳಲಿ.

ಅರಸೀಕೆರೆಯಿಂದ

ಎರಡನೆಯದನ್ನು ಬದಿಗಿಡಿ ಅಂದದ್ದಕ್ಕೆ ನನ್ನ ಅರ್ಧ ಒಪ್ಪಿಗೆ. ಎರಡನೆಯದು ಅಂತ ಎರಡು ಆಟಗಳಿವೆ ಮೇಡಂ, ಅದನ್ನು ಬಿಡಿಸಿ ಹೇಳಬೇಕು. 1986ರ ಜೂನ್ 3ಕ್ಕೆ ಜಪಾನಿನಲ್ಲಿ ಫ್ಲಾಪಿಯಂಥ ಡಿಸ್ಕಿನಲ್ಲಿ ಬಂದದ್ದು ಮೊದಲ ಆಟದ ಕಷ್ಟದ ರೂಪ: ವಿಷದ ಅಣಬೆ, ಗಾಳಿ, ಎತ್ತರ ಜಿಗಿದು ಜಾರುವ, ಮಾರಿಯೊನ ತಮ್ಮ ಲುಯಿಜಿ. ಅಮೆರಿಕಕ್ಕೆ ಇದು ವಿಪರೀತ ಕಷ್ಟ ಅಂತ ನಿಂಟೆಂಡೊದವರೇ ಕಳಿಸಲಿಲ್ಲ. 1987ರ ಡೋಕಿ ಡೋಕಿ ಪ್ಯಾನಿಕ್ ಅನ್ನುವ ಬೇರೆಯದೇ ಆಟದ ಪಾತ್ರಗಳನ್ನು ಬದಲಿಸಿ 1988ರಲ್ಲಿ ಮಾರಿಯೊ ಎರಡು ಅಂತ ಅಲ್ಲಿ ಕೊಟ್ಟರು. ಅದಕ್ಕೇ ಅದರಲ್ಲಿ ಶತ್ರುವಿನ ಮೇಲೆ ಹಾರಿದರೆ ಸಾಯುವುದಿಲ್ಲ, ಸುಮ್ಮನೆ ಮೇಲೆ ನಿಲ್ಲುತ್ತೀರಿ. ತರಕಾರಿ ಕಿತ್ತು ಎಸೆಯಬೇಕು. ಜಪಾನಿನ ಎರಡನೆಯದನ್ನು ಮಕ್ಕಳಿಗೆ ಕೊಡಬೇಡಿ. ಅಮೆರಿಕದ್ದನ್ನು ಮೂರನೆಯದು ಮುಗಿದಮೇಲೆ ಖಂಡಿತ ಆಡಿಸಿ, ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಳ್ಳುವುದು ಇಬ್ಬರಿಗೂ ಖುಷಿ ಕೊಡುತ್ತದೆ.

ಮೂರನೆಯದಕ್ಕೆ ಸೇವ್ ಇಲ್ಲ, ಒಂದೇ ಸಲ ಕೂತು ಮುಗಿಸಲಾಗದು. ಅದಕ್ಕೊಂದು ಅಡ್ಡದಾರಿ ಇದೆ. 1-3ರ ಕೊನೆಯ ಹತ್ತಿರದ ಬಿಳೀ ಕಟ್ಟೆಯ ಮೇಲೆ ನಿಂತು ಕೆಳಗಿನ ಬಾಣವನ್ನು 5 ಸೆಕೆಂಡು ಒತ್ತಿ ಹಿಡಿದರೆ ಮಾರಿಯೊ ಚಿತ್ರದ ಹಿಂದಕ್ಕೆ ಬೀಳುತ್ತಾನೆ. ತಡಮಾಡದೆ ಬಲಕ್ಕೆ ಓಡಿದರೆ ಮುಂದಿನ ಲೋಕಗಳಿಗೆ ಹಾರಿಸುವ ಕೊಳಲು ಸಿಗುತ್ತದೆ. ಅದೇ ಲೋಕದ ಕೋಟೆಯಲ್ಲಿ ಮಾರಿಯೊಗೆ ಹಾರಿಸುವ ಬಾಲ ಇದ್ದಾಗ ಓಡಿ ಹಾರಿ ಮೇಲ್ಚಾವಣಿ ಹತ್ತಿ, ಬಲತುದಿಯಲ್ಲಿ ಮೇಲಿನ ಬಾಣ ಒತ್ತಿದರೆ ಎರಡನೆಯ ಕೊಳಲು. ಒಂದು ಊದಿ, ಹೋದ ಜಾಗದಲ್ಲೇ ಎರಡನೆಯದನ್ನೂ ಊದಿದರೆ ನೇರ 8ನೇ ಲೋಕ. ರಜೆಯ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಿ.

ಬೇಲೂರಿನಿಂದ

ಇನ್ನೊಂದು. ಹಂತಗಳನ್ನು ಮಿಯಾಮೊಟೊ, ತೆಜುಕಾ ಚೌಕುಳಿ ಕಾಗದದ ಮೇಲೆ ಕೈಯಲ್ಲೇ ಬಿಡಿಸುತ್ತಿದ್ದರು. ಮಕ್ಕಳ ಕೈಲೂ ಮಾಡಿಸಿ. ಗಣಿತದ ಗ್ರಾಫ್ ಪುಸ್ತಕ ಸಾಕು. ಒಂದು ಪರದೆಗೆ ಅಗಲ 16 ಚೌಕ, ಎತ್ತರ 15, ಮೇಲಿನ ಎರಡು ಸಾಲು ಅಂಕಕ್ಕೆ ಬಿಡಿ, ಕೆಳಗಿನ ಎರಡು ನೆಲ. ನಿಂತಲ್ಲಿಂದ ಜಿಗಿದರೆ 4 ಚೌಕದ ಪೈಪು ಹತ್ತಬಹುದು, ಅದಕ್ಕಿಂತ ಎತ್ತರ ಇಟ್ಟರೆ ಪಕ್ಕದಲ್ಲಿ ಮೆಟ್ಟಿಲು ಬೇಕು. ಒಂದೇ ಅಡ್ಡಗೆರೆಯಲ್ಲಿ ಶತ್ರುಗಳನ್ನು ಗುಂಪು ಹಾಕಲು ಬಿಡಬೇಡಿ: ಮಿಷನ್ ಒಂದು ಗೆರೆಯಲ್ಲಿ 8 ಸ್ಪ್ರೈಟ್ ಮಾತ್ರ ತೋರಿಸುತ್ತದೆ, ಒಬ್ಬ ಗೂಂಬಾನ ಅಗಲಕ್ಕೇ 2 ಬೇಕು, ಮಾರಿಯೊಗೆ 2. ಮೂರು ಗೂಂಬಾ, ಒಬ್ಬ ಮಾರಿಯೊ, ಅಲ್ಲಿಗೆ ಲೆಕ್ಕ ಮುಗಿಯಿತು. ನಾಲ್ಕನೆಯವನನ್ನು ಎಲ್ಲಿ ನಿಲ್ಲಿಸಬೇಕು ಅಂತ ಹುಡುಗಿಯನ್ನೇ ಕೇಳಿ.