ಸಹಾಯ ಬೇಕು: ಮೈಸೂರಿನ ಬಾಡಿಗೆ ಮನೆಗಳ ತಪಾಸಣೆಗೆ ಕರಡು

ಬಾಡಿಗೆ ಮನೆ, ಪಿಜಿಗಳ ಸುರಕ್ಷತಾ ತಪಾಸಣೆಗಾಗಿ ಪಾಲಿಕೆಗೆ ಕೊಡಲು ಕರಡು ಬರೆಯುತ್ತಿದ್ದೇವೆ. ದೂರು ಬಂದಾಗ ಮಾತ್ರ ಹೋಗಿ ನೋಡುವ ಪದ್ಧತಿ ಸಾಲದು. ಮನೆ ಖಾಲಿ ಮಾಡಿಸಿಯಾರೆಂದು ಬಾಡಿಗೆದಾರರು ಬಾಯಿ ಬಿಡುವುದಿಲ್ಲ. ಲಾಸ್ ಏಂಜಲೀಸ್ ನಗರ 1998ರಲ್ಲಿ ಸರದಿ ತಪಾಸಣೆ ತಂದಿತು, ಅಂದರೆ ದೂರಿಗೆ ಕಾಯದೆ ಬಾಡಿಗೆ ಮನೆಗಳನ್ನು ಸರದಿಯಂತೆ ನೋಡುವುದು. ಇಲ್ಲಿಯೂ ಅದೇ ಬೇಕು.

ತಪಾಸಣೆಯಲ್ಲಿ ಮೊದಲು ಬಚ್ಚಲುಮನೆ. ಗಾಳಿಯಾಡದ ಕಡೆ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಗೀಸರ್ ಹೊರಗೆ ಹೋಗಲೇಬೇಕು. ಆಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ (ಟ್ರಿಪ್ ಆಗುವ) ಸ್ವಿಚ್. ‘ಎಂಸಿಬಿ ಇದೆಯಲ್ಲ’ ಎನ್ನುವವರೇ ಹೆಚ್ಚು. ಎಂಸಿಬಿ ಕರೆಂಟ್ ಮಿತಿಮೀರಿದಾಗ ಆಫ್ ಆಗುವ ಸ್ವಿಚ್; ಅದು ವೈರನ್ನು ಕಾಯುತ್ತದೆ, ಶಾಕ್‌ನಿಂದ ಮನುಷ್ಯನನ್ನಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಅರ್ಥಿಂಗ್ ಇಲ್ಲದಿದ್ದರೂ ಟ್ರಿಪ್ ಮಾಡಿಸುತ್ತದೆ, ಹಾಗಾಗಿ ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ ಬೇರೆಯಾಗಿಯೇ ಅಳೆಯಬೇಕು. ಸಂಪಿನ ಮುಚ್ಚಳ, ಬೀಗ ಜಡಿದ ಗ್ರಿಲ್, ಮೆಟ್ಟಿಲ ಕಂಬಿಯನ್ನು ಕಣ್ಣಲ್ಲೇ ನೋಡಬಹುದು.

ಅರ್ಥ್ ಟೆಸ್ಟರ್ ಇರುವ ಪರವಾನಗಿದಾರ ಎಲೆಕ್ಟ್ರಿಷಿಯನ್‌ಗಳು ಬೇಕು. ಸರಸ್ವತಿಪುರಂ, ಕುವೆಂಪುನಗರದ ಕಡೆ ಪ್ರಯೋಗಕ್ಕೆ ಒಪ್ಪುವ ಮಾಲೀಕರೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ವಕೀಲರು: ಮುಂಚಿತ ನೋಟಿಸ್, ಒಳಗೆ ಬರಲು ಬಾಡಿಗೆದಾರರ ಒಪ್ಪಿಗೆ, ತಪಾಸಣೆಯ ನೆಪದಲ್ಲಿ ಎಬ್ಬಿಸದಂತೆ ರಕ್ಷಣೆ, ಈ ಮೂರನ್ನೂ ಬಿಗಿಯಾಗಿ ಬರೆದುಕೊಡಬೇಕು. ಶುಲ್ಕದ ಬಗ್ಗೆಯೂ ಸಲಹೆ ಕೊಡಿ. ಎಲ್ಲರಿಗೂ ಹಾಕಿದರೆ ಅದು ಬಾಡಿಗೆಗೇ ಸೇರುತ್ತದೆ. ದೋಷ ಸರಿಪಡಿಸದವರ ಮರುಭೇಟಿಗೆ ಮಾತ್ರ ಹಾಕುವುದು ನಮಗೆ ಸರಿ ಕಾಣುತ್ತದೆ.